ಒಲಿಂಪಿಕ್ಸ್ ಪದಕವಿಲ್ಲದ ಚಾಂಪಿಯನ್

ಮಡಿಕೇರಿಯ ಓದುಗರಿಗೆ ನಮಸ್ಕಾರ.

ಮಲೇಷ್ಯಾದ ಸ್ಕ್ವಾಷ್ ಆಟಗಾರ್ತಿ ನಿಕೋಲ್ ಡೇವಿಡ್ ಅವರಿಗೆ ಕಳೆದ ಸಂಚಿಕೆಯಲ್ಲಿ ಎರಡು ಪುಟ ಕೊಟ್ಟದ್ದು ನಿಮಗೆ ಹಿಡಿಸಿಲ್ಲ. ‘ಒಂದೂ ಒಲಿಂಪಿಕ್ಸ್ ಪದಕವಿಲ್ಲದವರನ್ನು ಇಷ್ಟು ಹೊಗಳಬೇಕೆ?’ ಎಂದು ಕೇಳಿದ್ದೀರಿ.

ಪದಕವಿಲ್ಲ, ನಿಜ. ಆದರೆ ಅವರು ಆಡಿದ ಅಷ್ಟೂ ವರ್ಷ ಒಲಿಂಪಿಕ್ಸ್‌ನಲ್ಲಿ ಆ ಆಟವೇ ಇರಲಿಲ್ಲ. ಇದ್ದ ಕಡೆ ಅವರು ಗೆದ್ದದ್ದನ್ನು ನೋಡಿ: 8 ವಿಶ್ವ ಪ್ರಶಸ್ತಿ, 2006ರಿಂದ 2015ರವರೆಗೆ ಸತತ 108 ತಿಂಗಳು ವಿಶ್ವದ ಅಗ್ರಸ್ಥಾನ.

2014ರಲ್ಲಿ ಈಜಿಪ್ಟ್‌ನ ಕೈರೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಎದುರಾಳಿ ಈಜಿಪ್ಟ್‌ನವರೇ ಆದ ರನೀಮ್ ಎಲ್ ವೆಲಿಲಿ. ಮೂರು ಗೇಮ್ ಗೆದ್ದವರಿಗೆ ಪಂದ್ಯ. ಆಗಲೇ ಎರಡು ಗೇಮ್ ಸೋತಿದ್ದ ನಿಕೋಲ್, ನಾಲ್ಕನೆಯದರಲ್ಲಿ 6–10ರಿಂದ ಹಿಂದಿದ್ದರು. ಇನ್ನೊಂದು ಪಾಯಿಂಟ್ ಬಿದ್ದಿದ್ದರೆ ಕಿರೀಟ ರನೀಮ್ ಅವರದು. ಆ ನಾಲ್ಕೂ ಮ್ಯಾಚ್ ಪಾಯಿಂಟ್‌ಗಳನ್ನು ಒಂದೊಂದಾಗಿ ಉಳಿಸಿಕೊಂಡು ಗೇಮನ್ನು 14–12ರಲ್ಲಿ ಕಿತ್ತುಕೊಂಡರು, ಐದನೆಯದು 11–5.

ಇಂಥವರನ್ನೂ ಮಣಿಸಿದವರಿದ್ದಾರೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ತಂಡ ವಿಭಾಗದ ಸೆಮಿಫೈನಲ್‌ನಲ್ಲಿ ಅವರನ್ನು ಐದು ಗೇಮ್‌ಗಳ ಸೆಣಸಾಟದಲ್ಲಿ ಸೋಲಿಸಿದವರು ಕೊಡವ ಮನೆತನದ ಜೋಷ್ನಾ ಚಿಣ್ಣಪ್ಪ. ಸೋತವರು ಯಾರೆಂದು ತಿಳಿದರೆ ತಾನೆ ಆ ಗೆಲುವಿನ ತೂಕ ಗೊತ್ತಾಗುವುದು?

ಸ್ಕ್ವಾಷನ್ನು ಒಲಿಂಪಿಕ್ಸ್‌ಗೆ ಸೇರಿಸಬೇಕೆಂದು 2013ರಲ್ಲಿ ಬ್ಯೂನಸ್ ಐರಿಸ್‌ನ ಒಲಿಂಪಿಕ್ ಸಮಿತಿ ಸಭೆಗೆ ಹೋಗಿ ವಾದಿಸಿದವರಲ್ಲಿ ನಿಕೋಲ್ ಕೂಡ ಒಬ್ಬರು. ಅಂದು ಕುಸ್ತಿಗೆ ಮಣೆ ಸಿಕ್ಕಿತು. ಕೊನೆಗೆ 2023ರ ಅಕ್ಟೋಬರ್‌ನಲ್ಲಿ, ನಮ್ಮ ಮುಂಬೈಯಲ್ಲೇ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಸ್ಕ್ವಾಷನ್ನು ಸೇರಿಸಿಕೊಂಡಿತು. ನಿಕೋಲ್ ನಿವೃತ್ತರಾಗಿ ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ತಾವು ಬಡಿದ ಬಾಗಿಲಿನಲ್ಲಿ ಇನ್ನು ಬೇರೆಯವರು ಒಳಗೆ ಹೋಗುತ್ತಾರೆ. ನನಗಂತೂ ಇದು ಪದಕಕ್ಕಿಂತ ಕಡಿಮೆಯದೆನಿಸುವುದಿಲ್ಲ.

ನಮ್ಮ ಲೇಖನದಲ್ಲಿ ಒಂದು ಕೊರತೆ ಇತ್ತು, ಒಪ್ಪುತ್ತೇನೆ. ಅದು ಪುಟಗಳು ಹೆಚ್ಚಾದದ್ದಲ್ಲ, ಅವರ ಈಗಿನ ಕೆಲಸಕ್ಕೆ ಒಂದೇ ಸಾಲು ಸಿಕ್ಕದ್ದು. ಕೊಲಂಬಿಯಾದ ಮಾಜಿ ಆಟಗಾರ್ತಿ ಮರಿಯಾನಾ ಡಿ ರೆಯೆಸ್ ಜೊತೆ ಸೇರಿ ನಿಕೋಲ್ ಕೌಲಾಲಂಪುರದಲ್ಲಿ ಒಂದು ಸಂಸ್ಥೆ ಕಟ್ಟಿದ್ದಾರೆ. ಅಲ್ಲಿ ಕಡಿಮೆ ಆದಾಯದ ಮನೆಗಳ ಮಕ್ಕಳು ಸ್ಕ್ವಾಷ್ ಕಲಿಯುತ್ತಾರೆ, ಜೊತೆಗೆ ಇಂಗ್ಲಿಷ್ ಪಾಠವೂ ಇದೆ. ಕ್ಲಬ್ಬುಗಳ ಗೋಡೆಯೊಳಗಿನ ಆಟ ಎನಿಸಿಕೊಂಡ ಸ್ಕ್ವಾಷ್‌ನ ರ‍್ಯಾಕೆಟ್ ಈಗ ಆ ಮಕ್ಕಳ ಕೈಯಲ್ಲಿದೆ.

– ಸಂಪಾದಕ