ಲಾಸ್ ಏಂಜಲೀಸ್ ಶಾಲೆಗಳಲ್ಲಿ ಪೊಲೀಸರು ಬೇಡವೆಂದು ವಿದ್ಯಾರ್ಥಿಗಳು ಹೋರಾಡಿದ್ದೇಕೆ? ಅದರಿಂದ ಆದದ್ದೇನು?
ಲಾಸ್ ಏಂಜಲೀಸ್‌ನ ಸಾರ್ವಜನಿಕ ಶಾಲಾ ಜಿಲ್ಲೆಗೆ (ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಗೆ) ನಗರ ಪೊಲೀಸರಲ್ಲದೆ ತನ್ನದೇ ಆದ ಪೊಲೀಸ್ ಇಲಾಖೆಯೂ ಇದೆ. ನಮ್ಮಲ್ಲಿ ಇಂಥದ್ದೊಂದನ್ನು ಊಹಿಸುವುದೂ ಕಷ್ಟ. ಜಿಲ್ಲೆಯ ಮಕ್ಕಳಲ್ಲಿ ಹತ್ತರಲ್ಲೊಂದು ಪಾಲೂ ಇಲ್ಲದ ಕಪ್ಪು ವಿದ್ಯಾರ್ಥಿಗಳು, ಆ ಇಲಾಖೆಯ ಬಂಧನ ಮತ್ತಿತರ ಕ್ರಮಗಳಿಗೆ ಒಳಗಾದವರಲ್ಲಿ ಸುಮಾರು ಕಾಲು ಪಾಲಿನಷ್ಟಿದ್ದರು.

‘ಸ್ಟೂಡೆಂಟ್ಸ್ ಡಿಸರ್ವ್’ ಮೊದಲಾದ ಸಂಘಟನೆಗಳ ಮೂಲಕ ವಿದ್ಯಾರ್ಥಿಗಳು ಮೊದಲು ಗುರಿಯಾಗಿಸಿದ್ದು ಪೊಲೀಸರನ್ನಲ್ಲ, 1993ರಿಂದ ನಡೆದುಬಂದಿದ್ದ ತಪಾಸಣೆಯನ್ನು: ಪಾಠ ನಡೆಯುತ್ತಿರುವಾಗಲೇ ಶಾಲಾ ಸಿಬ್ಬಂದಿ ಬಂದು, ಯಾವ ಅನುಮಾನವೂ ಇಲ್ಲದೆ ಕೆಲವರನ್ನು ಆರಿಸಿ ಎಬ್ಬಿಸಿ, ಮೈಮೇಲೆ ಲೋಹಶೋಧಕ ಆಡಿಸಿ, ಚೀಲ ಜಾಲಾಡುತ್ತಿದ್ದರು. ಆಯುಧ ಸಿಗುತ್ತಿದ್ದುದು ತೀರಾ ಅಪರೂಪ. ಕಿತ್ತುಕೊಳ್ಳುತ್ತಿದ್ದುದು ಹೆಚ್ಚಾಗಿ ಮಾರ್ಕರ್, ಹೈಲೈಟರ್‌ಗಳಂಥವನ್ನು. 2019ರ ಜೂನ್‌ನಲ್ಲಿ ಶಾಲಾ ಮಂಡಳಿ ಇದನ್ನು ಕೊನೆಗೊಳಿಸಲು ತೀರ್ಮಾನಿಸಿತು. ನನ್ನ ದೃಷ್ಟಿಯಲ್ಲಿ ಮುಂದಿನದಕ್ಕೆ ದಾರಿ ಮಾಡಿದ್ದು ಈ ಗೆಲುವೇ.

ಪೊಲೀಸರ ಕೈಯಲ್ಲಿ ನಡೆದ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ಬೆನ್ನಲ್ಲೇ, 2020ರ ಜೂನ್‌ನಲ್ಲಿ, ಮಂಡಳಿ ಒಂದೇ ಮತದ ಅಂತರದಿಂದ ಶಾಲಾ ಪೊಲೀಸ್ ಬಜೆಟ್‌ನಲ್ಲಿ 2.5 ಕೋಟಿ ಡಾಲರ್ ಕಡಿತಗೊಳಿಸಿತು. 2021ರ ಫೆಬ್ರವರಿಯಲ್ಲಿ ಆ ಹಣವನ್ನು ಕಪ್ಪು ವಿದ್ಯಾರ್ಥಿಗಳ ಕಲಿಕೆಯ ಯೋಜನೆಗೆ ತಿರುಗಿಸಿ, ವಿದ್ಯಾರ್ಥಿಗಳ ಮೇಲೆ ಪೆಪ್ಪರ್ ಸ್ಪ್ರೇ ಬಳಕೆಯನ್ನೂ ನಿಷೇಧಿಸಿತು. ಆದರೆ ಹೋರಾಟಗಾರರು ಕೇಳಿದ್ದಂತೆ ಇಲಾಖೆಯನ್ನೇ ವಿಸರ್ಜಿಸಲು ಮಂಡಳಿ ಒಪ್ಪಲಿಲ್ಲ.