ಗೆದ್ದವರ ಪಟ್ಟಿ ಮಾಡಿದರೆ ಸಾಕೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಕಿಂಗ್ಸ್ ಕಪ್ ವಿಮಾನ ಓಟದ ಲೇಖನ ಓದಿದೆ. ಜೊತೆಗಿದ್ದ ಪಟ್ಟಿಯಲ್ಲಿ ಎರಡು ಸಂಶಯ. 1922ರ ಮೊದಲ ಓಟ ಗೆದ್ದವರು ಫ್ರಾಂಕ್ ಬರ್ನಾರ್ಡ್ ಎಂದಿದೆ. ಮೊಮ್ಮಗ ಬೇರೆ ಕಡೆ ಹುಡುಕಿದಾಗ ಸರ್ ಸ್ಯಾಮುವೆಲ್ ಇನ್‌ಸ್ಟೋನ್ ಎಂಬ ಹೆಸರು ಸಿಕ್ಕಿತು. ಯಾವುದು ಸರಿ? 1929ರಲ್ಲಿ ಗೆದ್ದ ವಿಮಾನದ ವೇಗ ಗಂಟೆಗೆ 150 ಮೈಲಿ, ಮರುವರ್ಷ ಬರೀ 102. ಇದು ಹೇಗೆ? ಕೊನೆಯದಾಗಿ, ನಮ್ಮ ಕಡೆಯ ಕಂಬಳಗಳ ಹಳೆ ಫಲಿತಾಂಶ ಒಟ್ಟು ಮಾಡಬೇಕೆಂದಿದ್ದೇನೆ. ವರ್ಷ ಮತ್ತು ಗೆದ್ದವರ ಹೆಸರು ಬರೆದರೆ ಸಾಕಲ್ಲವೇ?
(ನಿವೃತ್ತ ಅಧ್ಯಾಪಕರು, ಮಂಜೇಶ್ವರ)

ಸಂಪಾದಕರ ಉತ್ತರ:

ಪ್ರಿಯ ಮಾಷ್ಟ್ರೇ, ನಮಸ್ಕಾರ.

ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಮೊದಲ ಎರಡರಲ್ಲೇ ಇದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಬರ್ನಾರ್ಡ್, ಇನ್‌ಸ್ಟೋನ್ ಎರಡೂ ಹೆಸರು ಸರಿ. 1922ರ ಸೆಪ್ಟೆಂಬರ್ 8ರಂದು ಲಂಡನ್ ಹತ್ತಿರದ ಕ್ರಾಯ್ಡನ್‌ನಿಂದ ಹೊರಟು, ಗ್ಲಾಸ್ಗೋ ಮುಟ್ಟಿ, ಮರುದಿನ ವಾಪಸ್ ಬರುವ ಓಟ ಅದು. ಕಪ್ ಕೊಟ್ಟವರು ದೊರೆ ಐದನೇ ಜಾರ್ಜ್. ಗೆದ್ದ ಡಿಎಚ್ 4ಎ ವಿಮಾನ ಇನ್‌ಸ್ಟೋನ್ ಅವರ ಕಂಪೆನಿಯದು. ವಿಮಾನವನ್ನು ತಮ್ಮ ಹೆಸರಲ್ಲಿ ಓಟಕ್ಕೆ ಇಳಿಸಿದವರು ಇನ್‌ಸ್ಟೋನ್, ಹಾರಿಸಿದವರು ಬರ್ನಾರ್ಡ್. ಕಂಬಳದ ಊರಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ, ಅಲ್ವಾ? ಕಂಬಳ ಮುಗಿದ ಮೇಲೆ ಪತ್ರಿಕೆ ತೆರೆದರೆ ಹಗ್ಗ ಹಿರಿಯ, ನೇಗಿಲು ಕಿರಿಯ ಎಂದು ಒಂದೊಂದು ವಿಭಾಗದಲ್ಲೂ ಕೋಣಗಳ ಯಜಮಾನರ ಹೆಸರಿರುತ್ತದೆ. ಜೊತೆಗೆ ‘ಓಡಿಸಿದವರು’ ಎಂದು ಇನ್ನೊಂದು ಹೆಸರು. ಈ ಎರಡರಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ‘ಗೆದ್ದವರು’ ಎಂದು ಬರೆದರೆ ಐವತ್ತು ವರ್ಷದ ನಂತರ ಇನ್ನೊಬ್ಬರ ಮೊಮ್ಮಗ ಇದೇ ಪ್ರಶ್ನೆ ಕೇಳುತ್ತಾನೆ.

1950ರ ಓಟ ನೋಡಿ. ಆ ವರ್ಷ ಎರಡನೇ ಸ್ಥಾನ ಬಂದದ್ದು ಯುದ್ಧಕಾಲದ ಒಂದು ಹರಿಕೇನ್ ವಿಮಾನಕ್ಕೆ. ಅದನ್ನು ತಮ್ಮ ಹೆಸರಲ್ಲಿ ಓಟಕ್ಕೆ ಇಳಿಸಿದವರು ರಾಜಕುಮಾರಿ ಮಾರ್ಗರೆಟ್, ಹಾರಿಸಿದವರು ಪೀಟರ್ ಟೌನ್‌ಸೆಂಡ್. ಬರೀ ವಿಜೇತರ ಪಟ್ಟಿಯಲ್ಲಿ ಇಬ್ಬರೂ ಇಲ್ಲ. ಮಾರ್ಗರೆಟ್ ಹೆಸರನ್ನು ಮಾತ್ರ ಬರೆದರೆ ರಾಜಕುಮಾರಿಯೇ ವಿಮಾನ ಹಾರಿಸಿದರು ಎಂದಾಗುತ್ತದೆ.

ಇನ್ನು ವೇಗದ ವಿಷಯ. ಕಿಂಗ್ಸ್ ಕಪ್ ಹ್ಯಾಂಡಿಕ್ಯಾಪ್ ಓಟ. ಪ್ರತಿ ವಿಮಾನ ಎಷ್ಟು ವೇಗ ಹೋಗಬಲ್ಲದು ಎಂದು ತಿಳಿದವರು ಮೊದಲೇ ಲೆಕ್ಕ ಹಾಕುತ್ತಾರೆ. ನಿಧಾನದ್ದು ಮೊದಲು ಹೊರಡುತ್ತದೆ, ವೇಗದ್ದು ಕೊನೆಗೆ. ಲೆಕ್ಕ ಪಕ್ಕಾ ಇದ್ದರೆ ಎಲ್ಲವೂ ಹೆಚ್ಚುಕಮ್ಮಿ ಒಟ್ಟಿಗೆ ಗೆರೆ ಮುಟ್ಟಬೇಕು. ತನ್ನ ಮೇಲೆ ಹಾಕಿದ ಲೆಕ್ಕವನ್ನು ಯಾರು ಜಾಸ್ತಿ ಮೀರುತ್ತಾರೋ ಅವರಿಗೆ ಕಪ್. 1929ರಲ್ಲಿ ರಿಚರ್ಡ್ ಆಚರ್ಲಿ ಗೆದ್ದದ್ದು ಗ್ರೀಬ್ ಎಂಬ ಯುದ್ಧ ವಿಮಾನದಲ್ಲಿ. 1930ರಲ್ಲಿ ವಿನಿಫ್ರೆಡ್ ಬ್ರೌನ್ ಗೆದ್ದದ್ದು ಏವಿಯನ್ ಎಂಬ ಎರಡು ಸೀಟಿನ ಹಗುರ ವಿಮಾನದಲ್ಲಿ. ಆ ಸಲ ಎಂಬತ್ತಕ್ಕೂ ಹೆಚ್ಚು ವಿಮಾನಗಳು ಹೊರಟಿದ್ದವು. ಅವನ್ನೆಲ್ಲ ಹಿಂದೆ ಹಾಕಿ ಈ ಕಪ್ ಗೆದ್ದ ಮೊದಲ ಹೆಂಗಸು ಅವರು. ವೇಗದ ಅಂಕಿ ಮಾತ್ರ ನೋಡಿದರೆ ಬ್ರೌನ್ ಅವರ ಗೆಲುವು ಸಣ್ಣದಾಗಿ ಕಾಣುತ್ತದೆ. ಅದು ನನಗೆ ಸರಿ ಕಾಣುವುದಿಲ್ಲ. ಹೊರಟ ಸಮಯ, ಓಟದ ದಾರಿ, ಒಟ್ಟು ದೂರ ಇಷ್ಟಾದರೂ ಪಕ್ಕದಲ್ಲಿ ಇರಬೇಕು.

ಈ ತೊಂದರೆ ನಿಮಗೂ ಬರುತ್ತದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಓಡಿದ್ದು 142.50 ಮೀಟರ್, 13.62 ಸೆಕೆಂಡಿನಲ್ಲಿ. ಜನರ ಬಾಯಲ್ಲಿ ಉಳಿದದ್ದು ‘ನೂರು ಮೀಟರಿಗೆ 9.55’ ಎಂಬುದು. ಅದು ಯಾರೋ ಭಾಗಿಸಿ ತೆಗೆದ ಅಂಕಿ, ಅಳೆದದ್ದಲ್ಲ. ಕರೆಯ, ಅಂದರೆ ಕೋಣ ಓಡುವ ಕೆಸರಿನ ದಾರಿಯ, ಉದ್ದ ಎಲ್ಲ ಕಡೆ ಒಂದೇ ಇರುವುದಿಲ್ಲ. ಆದ್ದರಿಂದ ಅಳೆದ ದೂರ, ಅಳೆದ ಸಮಯ ಇವೆರಡನ್ನೂ ಇದ್ದ ಹಾಗೆ ಬರೆಯಿರಿ. ಭಾಗಾಕಾರ ಬೇಕಾದವರು ಮಾಡಿಕೊಳ್ಳಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇನ್ನೊಂದಿದೆ. ಕಿಂಗ್ಸ್ ಕಪ್ ಪಟ್ಟಿಗಳಲ್ಲಿ ಕೆಲವರು ವಿಮಾನದ ನೋಂದಣಿ ಗುರುತನ್ನೂ ಬರೆಯುತ್ತಾರೆ, ಕಾರಿನ ನಂಬರ್ ಇದ್ದ ಹಾಗೆ. 1938ರಲ್ಲಿ ಅಲೆಕ್ಸ್ ಹೆನ್‌ಶಾ ಗೆದ್ದ ಮ್ಯೂ ಗಲ್ ವಿಮಾನದ ಗುರುತು ಜಿ-ಎಇಎಕ್ಸ್‌ಎಫ್. ಒಬ್ಬರೇ ಕೂರುವ ಪುಟ್ಟ ವಿಮಾನ. ವೇಗ ಗಂಟೆಗೆ 236 ಮೈಲಿ. ಮರುವರ್ಷದ ಫೆಬ್ರವರಿಯಲ್ಲಿ ಹೆನ್‌ಶಾ ಅದರಲ್ಲೇ ಇಂಗ್ಲೆಂಡಿನಿಂದ ಕೇಪ್‌ಟೌನಿಗೆ ಹೋಗಿ, ನಾಲ್ಕೂವರೆ ದಿನದೊಳಗೆ ವಾಪಸ್ ಬಂದರು. ಆಮೇಲೆ ಅದನ್ನು ಫ್ರಾನ್ಸಿಗೆ ಮಾರಿದರು. ಯುದ್ಧ ಬಂತು. ವಿಮಾನ ಅಲ್ಲೇ ಬಚ್ಚಿಟ್ಟ ಸ್ಥಿತಿಯಲ್ಲಿ ಉಳಿಯಿತು. 1950ರ ಹೊತ್ತಿಗೆ ಮತ್ತೆ ಇಂಗ್ಲೆಂಡಿಗೆ ಬಂತು. ಈಗ 1955ರ ಸಾಲು ನೋಡಿ: ಗೆದ್ದವರು ಪೀಟರ್ ಕ್ಲಿಫರ್ಡ್, ಗುರುತು ಮತ್ತೆ ಜಿ-ಎಇಎಕ್ಸ್‌ಎಫ್! ಹದಿನೇಳು ವರ್ಷ ಬಿಟ್ಟು ಅದೇ ವಿಮಾನ ಅದೇ ಕಪ್ಪನ್ನು ಮತ್ತೆ ಗೆದ್ದಿದೆ. ಈ ಒಂದು ಕಾಲಂ ಇಲ್ಲದಿದ್ದರೆ ಪಟ್ಟಿಯಲ್ಲಿ ಯಾರಿಗೂ ಇದು ಕಾಣುತ್ತಿರಲಿಲ್ಲ. ಇದೇ ವಿಮಾನ 1936ರಲ್ಲಿ ದಕ್ಷಿಣ ಆಫ್ರಿಕಾದ ಗುರುತು ಹಾಕಿಕೊಂಡು ಜೊಹಾನ್ಸ್‌ಬರ್ಗ್ ಓಟದಲ್ಲೂ ಹಾರಿತ್ತು. ಅಂದರೆ ಹಳೆ ಗುರುತನ್ನೂ ಬಿಡುವಂತಿಲ್ಲ.

ನಿಮ್ಮ ಪುಸ್ತಕದಲ್ಲೂ ಕೋಣಗಳ ಹೆಸರಿಗೆ ಒಂದು ಕಾಲಂ ಇಡಿ ಮಾಷ್ಟ್ರೇ. ಒಳ್ಳೆ ಕೋಣ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದು ನಿಮಗೆ ಗೊತ್ತಿದ್ದದ್ದೇ. ಯಜಮಾನರ ಹೆಸರು ಮಾತ್ರ ಬರೆದರೆ ಕೋಣದ ಕತೆ ಅರ್ಧಕ್ಕೇ ನಿಲ್ಲುತ್ತದೆ.

ಓಟ ನಡೆಯದ ವರ್ಷಗಳನ್ನೂ ಬರೆಯಿರಿ. ಯುದ್ಧದಿಂದಾಗಿ 1939ರ ಕಿಂಗ್ಸ್ ಕಪ್ ನಡೆಯಲಿಲ್ಲ, ಮತ್ತೆ ಶುರುವಾದದ್ದು 1949ರಲ್ಲಿ. ಆ ಸಾಲುಗಳನ್ನು ಹಾರಿಸಿದರೆ, ನಡೆದಿಲ್ಲವೋ ಅಥವಾ ನಮಗೆ ಸಿಕ್ಕಿಲ್ಲವೋ ಎಂಬುದು ಮುಂದಿನವರಿಗೆ ತಿಳಿಯುವುದಿಲ್ಲ. ‘ನಡೆದಿಲ್ಲ’, ‘ಸಿಕ್ಕಿಲ್ಲ’ ಇವು ಎರಡು ಬೇರೆ ಬೇರೆ ಉತ್ತರ.

ಹುಡುಕುವುದು ಎಲ್ಲಿ? 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಆಮೇಲೆ ಕೇರಳ. ಅದಕ್ಕೇ ನಮ್ಮ ಕಡೆಯ ಕಾಗದಪತ್ರ ಮಂಗಳೂರಿನಲ್ಲಿ ಸ್ವಲ್ಪ, ಇಲ್ಲಿ ಸ್ವಲ್ಪ, ಕನ್ನಡದಲ್ಲಿ ಸ್ವಲ್ಪ, ಮಲಯಾಳದಲ್ಲಿ ಸ್ವಲ್ಪ. ಮಂಗಳೂರಿನ ಹಳೆ ಪತ್ರಿಕೆಗಳಿಂದ ಶುರು ಮಾಡಿ. ಆದರೆ ಅದಕ್ಕಿಂತ ಮೊದಲು ಕೋಣ ಸಾಕಿದ ಮನೆಗಳಿಗೆ ಹೋಗಿ. ಚಾವಡಿಯ ಗಾಜಿನ ಕಪಾಟಿನಲ್ಲಿ ಕಪ್‌ಗಳು ಇರುತ್ತವೆ. ಅವುಗಳ ಬುಡದಲ್ಲಿ ಊರು, ವರ್ಷ, ವಿಭಾಗ ಕೆತ್ತಿರುತ್ತಾರೆ. ಒರೆಸಿ ಫೋಟೋ ತೆಗೆಯಿರಿ. ಹಳೆ ಆಮಂತ್ರಣ ಪತ್ರಿಕೆ ಸಿಕ್ಕಿದರೆ ಅದರದ್ದೂ ಇರಲಿ. ಆದರೆ ಆಮಂತ್ರಣದಲ್ಲಿರುವುದು ನಡೆಯಬೇಕಾಗಿದ್ದ ದಿನ. ನಡೆದದ್ದು ಅದೇ ದಿನವೇ ಎಂದು ಬೇರೆ ಕಡೆ ನೋಡಿಕೊಳ್ಳಬೇಕು.

ಪ್ರತಿ ಸಾಲಿನ ಕೊನೆಗೆ ‘ಎಲ್ಲಿ ಸಿಕ್ಕಿತು’ ಎಂದು ಬರೆಯಿರಿ. ಪತ್ರಿಕೆಯೋ, ಕಪ್ಪೋ, ಓಡಿಸಿದವರೇ ಬಾಯಲ್ಲಿ ಹೇಳಿದ್ದೋ. ಎರಡು ಕಡೆ ಎರಡು ರೀತಿ ಇದ್ದರೆ ಎರಡನ್ನೂ ಬರೆಯಿರಿ, ಈಗಲೇ ತೀರ್ಮಾನ ಬೇಡ.

ಮೊದಲ ಕಂತು ತಯಾರಾದಾಗ ನಮಗೆ ಕಳಿಸಿ. ಕೈಬರಹದಲ್ಲೇ ಇರಲಿ, ನಾವು ಟೈಪ್ ಮಾಡಿಕೊಳ್ಳುತ್ತೇವೆ. ಸಂಶಯದ ಸಾಲುಗಳನ್ನು ತೆಗೆದುಹಾಕಬೇಡಿ, ಪಕ್ಕದಲ್ಲಿ ಒಂದು ಗುರುತು ಹಾಕಿ ಸಾಕು. ಅವನ್ನು ಬೇರೆಯಾಗಿ ಚೌಕಟ್ಟಿನಲ್ಲಿ ಹಾಕುತ್ತೇವೆ. ಪೈವಳಿಕೆ, ಬಾಯಾರು, ವರ್ಕಾಡಿ ಕಡೆ ಯಾರ ಮನೆಯಲ್ಲಾದರೂ ಆ ಸಂಶಯದ ಸಾಲಿನ ವರ್ಷದ ಕಪ್ ಇದ್ದರೆ ಓದಿದವರು ಬರೆದು ತಿಳಿಸಲಿ.