ಯೋಜನೆ ಸಮಾಲೋಚನೆ: ಇಪ್ಪತ್ತಾರು ನಮೂನೆಗಳ ಫೈಲನ್ನು ಏನು ಮಾಡಬೇಕು?

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಒಂದು ಸಣ್ಣ ಸಹಕಾರಿ ಸಂಘದ ಕಾರ್ಯದರ್ಶಿ. ಸದಸ್ಯರ ಅಡಿಕೆಯ ತೂಕ, ಟೆಂಡರ್, ಮುಂಗಡ ಸಾಲ, ಮಾರಾಟದ ಪಟ್ಟಿ ಎಲ್ಲವನ್ನೂ ಖಾತೆ ಪುಸ್ತಕದಿಂದ ಕಂಪ್ಯೂಟರಿಗೆ, ಅಲ್ಲಿಂದ ಸದಸ್ಯರ ಮೊಬೈಲಿಗೆ ತಲುಪಿಸುವ ಯೋಜನೆ ಕೈಗೆತ್ತಿಕೊಂಡಿದ್ದೇವೆ. ಬೆಂಗಳೂರಿನ ಸಲಹೆಗಾರರು ಯೋಜನೆಗಳನ್ನು ನಿರ್ವಹಿಸುವ ಪ್ರಿನ್ಸ್-2 ಎಂಬ ವಿಧಾನದಂತೆ ನಡೆಯಬೇಕೆಂದು 26 ನಮೂನೆಗಳ ದಪ್ಪ ಫೈಲನ್ನು ಕೊಟ್ಟುಹೋಗಿದ್ದಾರೆ. ತಂತ್ರಾಂಶ ಬರೆಯುವ ಹುಡುಗರು ಅದು ಹಳೆಯ ಕಾಲದ್ದು, ಕೆಲಸವನ್ನು ಸಣ್ಣ ತುಣುಕುಗಳಾಗಿ ಕಟ್ಟಿ ತೋರಿಸುತ್ತ ತಿದ್ದುವ ಅಜೈಲ್ ಪದ್ಧತಿಯೊಂದೇ ಸಾಕು ಎನ್ನುತ್ತಾರೆ. ನಮ್ಮ ಸಿಬ್ಬಂದಿಯೇ ಹತ್ತು–ಹನ್ನೆರಡು ಜನ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಆ ಫೈಲು ಯಾವ ಆವೃತ್ತಿಯನ್ನು ಆಧರಿಸಿದೆ ಎಂದು ಸಲಹೆಗಾರರನ್ನು ಕೇಳಿ. 2017ರದ್ದೋ ಅದಕ್ಕೂ ಹಿಂದಿನದೋ ಆಗಿದ್ದರೆ ಹುಡುಗರ ದೂರಿನಲ್ಲಿ ಹುರುಳಿದೆ. ಆದರೆ ಅವರು ಸೂಚಿಸುವ ಪರಿಹಾರವನ್ನು ನಾನು ಒಪ್ಪುವುದಿಲ್ಲ.

ಈ ವಿಧಾನದ ಬೇರು 1975ರ ಪ್ರಾಂಪ್ಟ್ ಎಂಬ ಪದ್ಧತಿಯಲ್ಲಿದೆ. ಬ್ರಿಟನ್ ಸರ್ಕಾರ ತನ್ನ ಕಂಪ್ಯೂಟರ್ ಯೋಜನೆಗಳಿಗೆಂದು ಅದನ್ನು ತಿದ್ದಿ 1989ರಲ್ಲಿ ಪ್ರಿನ್ಸ್ ಎಂದು ಹೊರತಂದಿತು. 1996ರಲ್ಲಿ ಅದು ಪ್ರಿನ್ಸ್-2 ಆಗಿ, ಕಟ್ಟಡವಿರಲಿ ಕಚೇರಿಯಿರಲಿ, ಯಾವ ಯೋಜನೆಗೂ ಹೊಂದುವಂತಾಯಿತು. 2009ರಲ್ಲಿ ದೊಡ್ಡ ಪರಿಷ್ಕರಣೆ, 2017ರಲ್ಲಿ ಇನ್ನೊಂದು. ಈಗ ಬಳಕೆಯಲ್ಲಿರುವುದು 2023ರಲ್ಲಿ ಬಂದ ಏಳನೆಯ ಆವೃತ್ತಿ. ಒಂದು ಸರ್ಕಾರದ ಗುತ್ತಿಗೆ ಶಿಸ್ತಿನಲ್ಲಿ ಹುಟ್ಟಿದ್ದರಿಂದಲೇ ಅದಕ್ಕೆ ಕಾಗದದ ಮೋಹ ಅಂಟಿಕೊಂಡಿತೆಂದು ನನ್ನ ಅನಿಸಿಕೆ. ಹಾಗೆ ನೋಡಿದರೆ ಹಿಂದಿನ ಪುಸ್ತಕಗಳೂ ಆ 26 ದಾಖಲೆಗಳನ್ನು 26 ಫೈಲುಗಳಾಗಿ ಬರೆಯಿರಿ ಎಂದು ಎಲ್ಲಿಯೂ ಹೇಳಿರಲಿಲ್ಲ. ಮಾಹಿತಿ ಸಿಕ್ಕರೆ ಸಾಕು, ಅದು ಮಿಂಚಂಚೆಯಲ್ಲಿದ್ದರೂ ಸರಿ, ಬಾಯಿಮಾತಿನ ವರದಿಯಾದರೂ ಸರಿ ಎಂಬ ಅವಕಾಶ ಅಲ್ಲಿಯೇ ಇತ್ತು. ನಮೂನೆಗಳ ಹೊರೆಯನ್ನು ಕಟ್ಟಿದವರು ಬಹುತೇಕ ಸಲಹೆಗಾರರೇ.

ಏಳನೆಯ ಆವೃತ್ತಿಯಲ್ಲಿ ನನಗೆ ನಿಜಕ್ಕೂ ಮುಖ್ಯವೆನಿಸಿದ್ದು ಒಂದು ಬದಲಾವಣೆ. ಹಿಂದೆ ಈ ವಿಧಾನಕ್ಕೆ ನಾಲ್ಕು ಅಂಗಗಳಿದ್ದವು: ತತ್ವಗಳು, ವಿಷಯಗಳು, ಪ್ರಕ್ರಿಯೆಗಳು, ಯೋಜನೆಯ ಪರಿಸರ. ಈಗ ಐದನೆಯದಾಗಿ ಜನರು ಸೇರಿದ್ದಾರೆ. ಅವರಿಗೆ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ. ಯೋಜನೆ ಮಾಡುವವರ ಸಂಬಂಧಗಳು, ಬದಲಾವಣೆಯನ್ನು ಅನುಭವಿಸಬೇಕಾದವರ ಮನಸ್ಸು, ಅವರನ್ನು ಜೊತೆಗೆ ಕರೆದೊಯ್ಯುವ ಬಗೆ ಎಲ್ಲವೂ ವಿಧಾನದ ಒಳಗೆ ಬಂದಿವೆ. ಬೆಂಗಳೂರಿನಲ್ಲಿ ಬ್ರಿಟಿಷ್ ಗ್ರಾಹಕರ ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿ ನಾನು ಇದನ್ನೇ ಹಂಬಲಿಸುತ್ತಿದ್ದೆ. ಅಲ್ಲೊಂದು ಯೋಜನೆಯಲ್ಲಿ ಅಪಾಯದ ಪಟ್ಟಿ, ಗುಣಮಟ್ಟದ ಪಟ್ಟಿ, ಹಂತದ ವರದಿ ಎಲ್ಲವೂ ಅಚ್ಚುಕಟ್ಟಾಗಿದ್ದವು. ವ್ಯವಸ್ಥೆ ಚಾಲೂ ಆದ ದಿನ ಕೌಂಟರಿನಲ್ಲಿ ಕೂರುವ ಗುಮಾಸ್ತರು ಹಳೆಯ ಪುಸ್ತಕವನ್ನೇ ತೆರೆದರು. ಅಷ್ಟು ದಾಖಲೆಗಳಲ್ಲಿ ಅವರ ಮಾತು ಒಂದು ಸಾಲೂ ಇರಲಿಲ್ಲ.

ನಿಮ್ಮ ಸಂಘದಲ್ಲಿ ಇದು ಹಾಗಾಗಬಾರದೆಂದರೆ ನಮೂನೆಗಳನ್ನು ಬದಿಗಿಟ್ಟು ಮೊದಲು ಪ್ರಾಜೆಕ್ಟ್ ಬೋರ್ಡ್ ರಚಿಸಿ. ಮೂರು ಸ್ಥಾನ ಸಾಕು. ಹಣಕ್ಕೆ, ಪ್ರಯೋಜನಕ್ಕೆ ಉತ್ತರ ಕೊಡುವ ಎಕ್ಸಿಕ್ಯೂಟಿವ್ ಒಬ್ಬರೇ ಇರಬೇಕು. ಇಡೀ ಆಡಳಿತ ಮಂಡಳಿಯನ್ನು ಆ ಸ್ಥಾನದಲ್ಲಿ ಕೂರಿಸಬೇಡಿ, ಅಧ್ಯಕ್ಷರೋ ಒಬ್ಬ ನಿರ್ದೇಶಕರೋ ಆ ಹೊಣೆಯನ್ನು ಹೆಸರು ಬರೆಸಿ ಹೊರಲಿ. ಎರಡನೆಯ ಸ್ಥಾನ ಬಳಸುವವರ ಪರವಾಗಿ. ಇಲ್ಲಿಗೆ ಕಚೇರಿಯವರನ್ನು ತರಬೇಡಿ. ತೂಕದ ಕಟ್ಟೆಯಲ್ಲಿ ವರ್ಷಗಟ್ಟಲೆ ನಿಂತವರನ್ನೋ, ಬಾಡಿಗೆ ಗಾಡಿಯಲ್ಲಿ ನಾಲ್ಕು ಚೀಲ ರಾಶಿ (ಬೇಯಿಸಿ ಒಣಗಿಸಿದ) ಅಡಿಕೆ ತರುವ ಸಣ್ಣ ಹಿಡುವಳಿದಾರರನ್ನೋ ಕೂರಿಸಿ. ಬೇಯಿಸದೆ ಒಣಗಿಸಿದ ಚಾಲಿಗೂ ರಾಶಿಗೂ ಪಟ್ಟಿಯಲ್ಲಿ ಏನು ವ್ಯತ್ಯಾಸ ಬೇಕು, ಮುಂಗಡವನ್ನು ಯಾವಾಗ ಮುರಿದುಕೊಳ್ಳಬೇಕು ಎಂಬುದನ್ನು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು. ಮೂರನೆಯದು ತಂತ್ರಾಂಶ ಪೂರೈಸುವವರ ಕಡೆಯ ಹಿರಿಯರಿಗೆ. ನೀವು ಪ್ರಾಜೆಕ್ಟ್ ಮ್ಯಾನೇಜರ್. ಆದ್ದರಿಂದ ಎಕ್ಸಿಕ್ಯೂಟಿವ್ ನೀವಾಗುವಂತಿಲ್ಲ. ಸಣ್ಣ ಸಂಘವೆಂದು ಬೇರೆ ಕೆಲವು ಪಾತ್ರಗಳನ್ನು ಒಬ್ಬರಿಗೇ ಕೊಡಬಹುದು, ಈ ಎರಡನ್ನು ಕೂಡಿಸಿದರೆ ಮಾತ್ರ ಖರ್ಚು ಮಾಡುವವರೇ ಖರ್ಚಿಗೆ ಒಪ್ಪಿಗೆ ಕೊಟ್ಟಂತಾಗುತ್ತದೆ.

ಏನನ್ನು ಕಡಿಮೆ ಮಾಡಬಹುದು, ಏನನ್ನು ಮುಟ್ಟಬಾರದು ಎಂಬ ಗೊಂದಲ ನಿಮ್ಮ ಪತ್ರದ ಉದ್ದಕ್ಕೂ ಇದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ನೆನೆಸಿಕೊಳ್ಳಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹತ್ತು ಗುಂಟೆಯ ತೋಟಕ್ಕೂ ಹತ್ತು ಎಕರೆಯ ತೋಟಕ್ಕೂ ಅಳತೆ ಅದೇ, ಎಷ್ಟು ಡ್ರಮ್ ಎಂಬುದಷ್ಟೇ ಬೇರೆ. ಪ್ರಿನ್ಸ್-2ರ ಏಳು ತತ್ವಗಳು ಹಾಗೆ. ಯೋಜನೆ ಇಂದಿಗೂ ಮಾಡಲು ಯೋಗ್ಯವೇ ಎಂದು ಪ್ರತಿ ಹಂತದಲ್ಲೂ ನೋಡುವುದು, ಅನುಭವದಿಂದ ಕಲಿಯುವುದು, ಪಾತ್ರ–ಹೊಣೆ–ಸಂಬಂಧಗಳನ್ನು ಸ್ಪಷ್ಟಪಡಿಸುವುದು, ಮಿತಿ ಮೀರಿದಾಗ ಮಾತ್ರ ಮೇಲಕ್ಕೆ ಒಯ್ಯುವುದು, ಹಂತಹಂತವಾಗಿ ನಡೆಯುವುದು, ಸಿದ್ಧವಾಗಬೇಕಾದ ವಸ್ತುವಿನ ಮೇಲೆ ಗಮನವಿಡುವುದು, ಯೋಜನೆಗೆ ತಕ್ಕಂತೆ ವಿಧಾನವನ್ನು ಹೊಂದಿಸಿಕೊಳ್ಳುವುದು. ಇವುಗಳಲ್ಲಿ ಒಂದನ್ನು ಬಿಟ್ಟರೂ ಅದು ಪ್ರಿನ್ಸ್-2 ಎನಿಸಿಕೊಳ್ಳುವುದಿಲ್ಲ. ದಾಖಲೆಗಳನ್ನು ಮಾತ್ರ ಧಾರಾಳವಾಗಿ ಇಳಿಸಿ. ಯೋಜನೆ ಏಕೆ ಬೇಕು, ಎಷ್ಟು ಖರ್ಚು, ಸದಸ್ಯರಿಗೆ ಏನು ದಕ್ಕುತ್ತದೆ ಎಂಬುದು ಒಂದು ಪುಟ. ಹಂತಗಳ ಯೋಜನೆ ಒಂದು ಪುಟ. ದಿನಚರಿ, ಅಪಾಯ, ತಕರಾರು, ಗುಣಮಟ್ಟ, ಪಾಠಗಳ ಪಟ್ಟಿಗಳನ್ನು ಹೊಸ ಆವೃತ್ತಿಯೇ ಪ್ರಾಜೆಕ್ಟ್ ಲಾಗ್ ಎಂದು ಒಟ್ಟುಗೂಡಿಸಿದೆ. ನಿಮಗೆ ಒಂದು ಎಕ್ಸೆಲ್ ಹಾಳೆ ಸಾಕು.

ಇನ್ನು ಹುಡುಗರ ಅಜೈಲ್. ಅದಕ್ಕೂ ಇದಕ್ಕೂ ಜಗಳವಿಲ್ಲ. ಎರಡನ್ನೂ ಕೂಡಿಸುವ ಪ್ರಿನ್ಸ್-2 ಅಜೈಲ್ 2015ರಲ್ಲೇ ಬಂದಿದೆ. ಏಳನೆಯ ಆವೃತ್ತಿಯೂ ಕೆಲಸವನ್ನು ಒಂದಾದ ಮೇಲೊಂದರಂತೆ ಮಾಡುತ್ತೀರೋ, ಸುತ್ತುಸುತ್ತಾಗಿ ಬೆಳೆಸುತ್ತೀರೋ, ಎರಡನ್ನೂ ಬೆರೆಸುತ್ತೀರೋ ನೀವೇ ನಿರ್ಧರಿಸಿ ಎನ್ನುತ್ತದೆ. ಹುಡುಗರು ಎರಡೆರಡು ವಾರಕ್ಕೆ ಒಂದು ತುಣುಕು ಕಟ್ಟಿ ತೂಕದ ಕಟ್ಟೆಯಲ್ಲಿ ತೋರಿಸಲಿ, ಬಹಳ ಒಳ್ಳೆಯದು. ಆದರೆ ಮುಂದಿನ ಹಂತಕ್ಕೆ ಹಣ ಬಿಡಬೇಕೇ ಬೇಡವೇ ಎಂಬ ಪ್ರಶ್ನೆಗೆ ಅವರ ಅಜೈಲ್ ಪದ್ಧತಿಯಲ್ಲಿ ಉತ್ತರ ಕೊಡುವವರು ಯಾರು? ಸಂಘದ ಹಣ ಸದಸ್ಯರದ್ದು. ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಎದ್ದುನಿಂತು ಕೇಳುವವರಿಗೆ ಹೆಸರಿರುವ ಒಬ್ಬರು ಉತ್ತರಿಸಬೇಕು. ಬೋರ್ಡನ್ನು ನಾನು ಬಿಟ್ಟುಕೊಡದಿರುವುದು ಇದಕ್ಕಾಗಿ.

ಹಂತಗಳನ್ನು ಕ್ಯಾಲೆಂಡರಿನ ತಿಂಗಳುಗಳಿಂದ ಕತ್ತರಿಸಬೇಡಿ, ಅಡಿಕೆಯ ಋತುವಿನಿಂದ ಕತ್ತರಿಸಿ. ಕೊಯ್ಲು ಶುರುವಾಗಿ ಅಂಗಳದಲ್ಲಿ ಬೇಯಿಸುವ ಹಂಡೆ ಕುದಿಯುತ್ತಿರುವಾಗ ಯಾವ ಸದಸ್ಯರೂ ತರಬೇತಿಗೆ ಬರುವುದಿಲ್ಲ. ಟೆಂಡರಿನ ಭರಾಟೆಯಲ್ಲಿ ಹೊಸ ವ್ಯವಸ್ಥೆ ಚಾಲೂ ಮಾಡುವುದೂ ಬೇಡ. ಮಳೆಗಾಲ ಪರೀಕ್ಷೆಗೆ ಒಳ್ಳೆಯ ಕಾಲ. ಮರ ಬಿದ್ದು ವಿದ್ಯುತ್ ಹೋಗಿ, ಮೊಬೈಲ್ ಟವರಿನ ಬ್ಯಾಟರಿಯೂ ಇಳಿದ ದಿನ ತೂಕದ ಚೀಟಿ ಬರುತ್ತದೆಯೇ? ಬರಬೇಕು ಎಂದು, ಸಿದ್ಧವಾಗುವ ವಸ್ತು ಹೇಗಿರಬೇಕೆಂದು ಹೇಳುವ ವಸ್ತುವಿವರಣೆಯಲ್ಲೇ ಗುಣಮಟ್ಟದ ಷರತ್ತಾಗಿ ಬರೆಯಿರಿ.

ಪ್ರಶ್ನೆ: ಕುಮಟಾ ತಾಲ್ಲೂಕಿನ ತದಡಿಯ ಕಡೆ ನಮ್ಮ ಮಹಿಳಾ ಸಂಘ ಮಂಜುಗಡ್ಡೆ ಘಟಕ ಹಾಕಲು ಹೊರಟಿದೆ. ಪ್ರಿನ್ಸ್-2ರ ಹೊಸ ಆವೃತ್ತಿಯಲ್ಲಿ ಸುಸ್ಥಿರತೆ ಎಂಬ ಗುರಿ ಸೇರಿದೆಯಂತೆ. ಅರ್ಜಿಯಲ್ಲಿ ಚೆಂದ ಕಾಣಲಿ ಎಂದು ಬರೆಯುವ ಮಾತೋ, ಕೆಲಸಕ್ಕೆ ಬರುವುದೋ?

ಉತ್ತರ: ಕೆಲಸಕ್ಕೆ ಬರುತ್ತದೆ, ಅಂಕಿಯಲ್ಲಿ ಬರೆದರೆ. ಹಿಂದೆ ಸಮಯ, ವೆಚ್ಚ, ಗುಣಮಟ್ಟ, ವ್ಯಾಪ್ತಿ, ಪ್ರಯೋಜನ, ಅಪಾಯ ಎಂಬ ಆರು ಗುರಿಗಳಿದ್ದವು. 2023ರಲ್ಲಿ ಸುಸ್ಥಿರತೆ ಏಳನೆಯದಾಯಿತು. ಉಳಿದ ಆರಕ್ಕೆ ಇರುವಂತೆ ಇದಕ್ಕೂ ಮಿತಿ ಗೊತ್ತುಮಾಡಬಹುದು. ಮಿತಿಯೊಳಗಿನ ಏರುಪೇರನ್ನು ಮ್ಯಾನೇಜರೇ ನಿಭಾಯಿಸುತ್ತಾರೆ, ದಾಟುತ್ತದೆ ಎಂದು ಕಂಡ ಕೂಡಲೇ ಬೋರ್ಡಿಗೆ ತಿಳಿಸುತ್ತಾರೆ.

ನಿಮ್ಮ ಘಟಕಕ್ಕೆ ಸಿಹಿನೀರು ಬೇಕು. ಅಘನಾಶಿನಿಯ ಅಳಿವೆಯ ಬದಿಯಲ್ಲಿ ಬೇಸಿಗೆಯ ಕೊನೆಗೆ ಬಾವಿಗೆ ಉಪ್ಪು ಹತ್ತುವ ಭಯ ನಿಮಗೆ ಗೊತ್ತೇ ಇದೆ. ಪರಿಸರಸ್ನೇಹಿ ಘಟಕ ಎಂಬ ಒಂದು ಸಾಲು ಬರೆದರೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಮೇ ತಿಂಗಳಲ್ಲಿ ದಿನಕ್ಕೆ ಇಷ್ಟು ಲೀಟರಿಗಿಂತ ಹೆಚ್ಚು ಎತ್ತುವುದಿಲ್ಲ, ಪಕ್ಕದ ಮನೆಗಳ ಬಾವಿಯ ನೀರು ಉಪ್ಪಾದರೆ ಪಂಪು ನಿಲ್ಲಿಸುತ್ತೇವೆ ಎಂದು ಬರೆಯಿರಿ. ಯಂತ್ರದ ಗಾತ್ರವೇ ಆಗ ಬದಲಾದೀತು. ಅಘನಾಶಿನಿ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಲ್ಲಿ ಬಳಚು (ಕಪ್ಪೆಚಿಪ್ಪು) ಆಯುವ ಹೆಂಗಸರು ನಿಮ್ಮ ಸಂಘದಲ್ಲೂ ಇರಬಹುದು. ಕೊಳೆನೀರು ಎಲ್ಲಿಗೆ ಹರಿಯುತ್ತದೆ ಎಂಬ ಪ್ರಶ್ನೆಯನ್ನು ಅವರ ಎದುರಿಗೇ ಇಡಿ.

ಕಾಲದ ಬಗ್ಗೆ ಒಂದು ಮಾತು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆಗ ಮಂಜುಗಡ್ಡೆಗೆ ಗಿರಾಕಿ ಕಡಿಮೆ, ಆದರೆ ತಳಪಾಯ ತೋಡುವ ಕೆಲಸವೂ ಆ ಮಳೆಯಲ್ಲಿ ಸಾಗದು. ಆದ್ದರಿಂದ ಗೋಡೆ, ಮಾಡು (ಛಾವಣಿ) ಮೇ ಒಳಗೆ ಮುಗಿಯಲಿ, ಒಳಗಿನ ಯಂತ್ರ ಜೋಡಣೆ ನಿಷೇಧದ ಅವಧಿಯಲ್ಲಿ ನಡೆಯಲಿ. ಮೇ ಕೊನೆಯ ಬೋರ್ಡ್ ಸಭೆಯಲ್ಲಿ ಮಾಡು ಹೊದಿಸಿರದಿದ್ದರೆ ಯಂತ್ರಕ್ಕೆ ಮುಂಗಡ ಕೊಡಬೇಡಿ.

ಪ್ರಶ್ನೆ: ಕಾರವಾರದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿದ್ದೇನೆ. ಪ್ರಿನ್ಸ್-2 ಪರೀಕ್ಷೆ ಬರೆದರೆ ಕೆಲಸ ಸಿಗುತ್ತದೆಯೇ?

ಉತ್ತರ: ಫೌಂಡೇಷನ್, ಪ್ರಾಕ್ಟೀಷನರ್ ಎಂದು ಎರಡು ಮಟ್ಟಗಳಿವೆ, ನಡೆಸುವುದು 2021ರಲ್ಲಿ ಈ ವಿಧಾನದ ಒಡೆತನ ಪಡೆದ ಪೀಪಲ್‌ಸರ್ಟ್ ಸಂಸ್ಥೆ. ಶುಲ್ಕ ಹಗುರವಲ್ಲ, ಪ್ರಮಾಣಪತ್ರವನ್ನು ನವೀಕರಿಸುತ್ತಲೂ ಇರಬೇಕು. ಬ್ರಿಟನ್ನಿನ ಗ್ರಾಹಕರಿರುವ ಕಂಪನಿಗಳಲ್ಲಿ ಅದಕ್ಕೆ ಬೆಲೆಯಿದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಬಂದರಿನಲ್ಲೋ ಹೆದ್ದಾರಿಯಲ್ಲೋ ಯಾವುದಾದರೂ ಕಾಮಗಾರಿಗೆ ಸೇರಿ ಒಂದು ಮಳೆಗಾಲವನ್ನು ಪೂರ್ತಿ ನೋಡುತ್ತಿದ್ದೆ. ಯಾವ ಕೆಲಸ ಏಕೆ ನಿಂತಿತು, ನಿಲ್ಲಿಸಲು ಹೇಳಿದವರು ಯಾರು ಎಂದು ದಿನವೂ ಬರೆದಿಟ್ಟುಕೊಳ್ಳಿ. ಫೌಂಡೇಷನ್ ಪುಸ್ತಕವನ್ನು ಆಮೇಲೆ ಕೊಳ್ಳಿ, ಏಳನೆಯ ಆವೃತ್ತಿಯದೇ ಎಂದು ನೋಡಿಕೊಂಡು. ಹಳೆಯ ಪ್ರತಿಗಳು ಅರ್ಧ ಬೆಲೆಗೆ ಸಿಗುತ್ತವೆ, ಪರೀಕ್ಷೆಗೆ ಅವು ಆಗುವುದಿಲ್ಲ.